ಮಂತ್ರದ ಹುಟ್ಟು, ನನ್ನ ಸೌಟು

ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು, ನಾನು ಅವರ ಕನ್ನಡಕದ ಕಿವಿಕಡ್ಡಿ ಬಿಗಿ ಮಾಡುತ್ತಿದ್ದಾಗ ಸುಮ್ಮನಿರಲಾರದೆ ಸ್ಕ್ರೂ ಡಬ್ಬಿಯಲ್ಲಿ ಬೆರಳಾಡಿಸಿದರು. ಒಳಗಿಂದ ಹಸಿರು ಬಣ್ಣದ, ಇಪ್ಪತ್ತು ಮುಖದ ದಾಳವೊಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಹ್ವಾಯ್ ಹೊಳ್ರೆ, ಇದ್ ಪಚ್ಚೆಯಾ? ನಮ್ಮ ಮಾಣಿಗೆ ಬುಧ ಸಮ ಇಲ್ಲೆ ಅಂದಿರ್ ಜೋಯಿಸ್ರು."

ಗ್ರಹಕ್ಕಲ್ಲ, ಆಟಕ್ಕೆ ಎಂದೆ. ಯಾರ ಆಟಕ್ಕೆ ಎಂದು ಕೇಳಿದರು. ನನ್ನದೇ ಎಂದೆ. ಅವರು ದಾಳವನ್ನು ಮೆಲ್ಲಗೆ ಡಬ್ಬಿಗೆ ಹಾಕಿ, ನನ್ನ ನೆತ್ತಿಯಲ್ಲಿ ಉಳಿದಿರುವ ನಾಲ್ಕು ಕೂದಲನ್ನು ನೋಡಿ, "ಪ್ರಾಯ ಎಷ್ಟಾಯ್ತ್ ನಿಮ್ಗೆ?" ಎಂದರು. ಪ್ರಾಯದ ವಿಷಯ ಇಲ್ಲಿ ಬೇಡ. ಆ ದಾಳ ಸ್ಕ್ರೂಗಳ ನಡುವೆ ಬಂದು ಬಿದ್ದ ಕತೆ ಹೇಳುತ್ತೇನೆ, ಕೂತುಕೊಳ್ಳಿ.

ಕುಂದಾಪುರ ಪೇಟೆಯ ಒಂದು ಓಣಿಯಲ್ಲಿ ಹೊಳ್ಳ ಎಂಬ ನನ್ನ ಕನ್ನಡಕದ ಅಂಗಡಿ. ಭಾನುವಾರ ರಜೆ. ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ ಮಲಗಬೇಕಾದ ಮನುಷ್ಯ ನಾನು ಶಟರು ಅರ್ಧ ಎತ್ತಿ ಒಳಗೆ ನುಸುಳುತ್ತೇನೆ. ಹಿಂದೆಯೇ ಇನ್ನಿಬ್ಬರು ನುಸುಳುತ್ತಾರೆ. ಓಣಿಯವರು ನಾವು ಇಸ್ಪೀಟು ಆಡುತ್ತೇವೆಂದು ತಿಳಿದಿದ್ದಾರೆ. ಮರ್ಯಾದೆಯ ದೃಷ್ಟಿಯಿಂದ ನಾವೂ ಹಾಗೆಂದೇ ಬಿಟ್ಟಿದ್ದೇವೆ. ನಿಜ ಹೇಳಿದರೆ ಇನ್ನೂ ಕಷ್ಟ. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿದ್ದಾಗ ಫೋನಿನಲ್ಲಿ ನೋಡಿ ನೋಡಿ ನಾನು ಕಲಿತ ಆಟ ಅದು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. "ಎದುರಿಗೆ ಹೊಳೆ, ಸೇತುವೆ ಮುರಿದಿದೆ, ಏನು ಮಾಡುತ್ತೀರಿ?" ಎಂದು ನಾನು ಕೇಳುತ್ತೇನೆ. ಅವರು ಏನು ಬೇಕಾದರೂ ಹೇಳಬಹುದು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸುವುದು. ದೊಡ್ಡ ಅಂಕೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಫಜೀತಿ. ಗೆಲ್ಲುವುದು ಸೋಲುವುದು ಇಲ್ಲ. ಕತೆ ಮುಂದೆ ಹೋಗುತ್ತದೆ, ಪಾತ್ರ ಮೆಟ್ಟಿಲು ಮೆಟ್ಟಿಲಾಗಿ ಬಲಿಯುತ್ತದೆ, ಅಷ್ಟೆ.

ಮೊದಲ ದಿನ ಇದನ್ನೆಲ್ಲ ವಿವರಿಸಿದಾಗ ರತ್ನಾಕರಣ್ಣ ತಲೆಯಾಡಿಸಿ, "ಗೊತ್ತಾಯ್ತ್ ಬಿಡಿ. ಯಕ್ಷಗಾನದ್ ಹಾಂಗೆ. ನೀವ್ ಭಾಗವತ್ರ್, ನಾವ್ ವೇಷ. ಕುಣುಕ್ ಮಾತ್ರ ಇಲ್ಲೆ" ಎಂದರು. ಅವರು ಬಾರ್ಕೂರಿನವರು, ಲೋಕಲ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನೋಡಲು ಸೌಮ್ಯ. ಆಟದಲ್ಲಿ ಮಾತ್ರ ಅವರಿಗೆ ಮಹಾವೀರನ ಪಾತ್ರವೇ ಆಗಬೇಕು. ಆದರೆ ಆ ವೀರನಿಗೆ ನೀರೆಂದರೆ ಹೆದರಿಕೆ. ಯಾಕೆಂದರೆ ರತ್ನಾಕರಣ್ಣನಿಗೂ ಹೆದರಿಕೆ.

ಇನ್ನೊಬ್ಬರು ಶಾಲಿನಿ. ಬೈಂದೂರು ಕಡೆಯವರು. ಬಂದರಿನಲ್ಲಿ ಮೀನು ಕೊಂಡು, ಐಸು ಹಾಕಿಸಿ, ಲಾರಿ ಹತ್ತಿಸುವ ವ್ಯಾಪಾರ. ತಕ್ಕಡಿಯ ಅಂಕೆ ಮಂಜಾಗಿ ಕಾಣುತ್ತದೆಂದು ನನ್ನಲ್ಲಿಗೆ ಬಂದವರು, ಕೌಂಟರಿನ ಮೇಲಿದ್ದ ದಾಳ ನೋಡಿ ಇದೆಂತ ಎಂದು ಕೇಳಿದರು, ಮುಂದಿನ ಭಾನುವಾರ ಬಂದು ಕುಳಿತೇಬಿಟ್ಟರು. ಪಾತ್ರ ಯಾವುದಾಗಬಹುದು ಎಂದು ನಾನು ಕತ್ತಿ, ಬಿಲ್ಲು, ಮಂತ್ರವಾದ ಎಂದು ಒಂದೊಂದೇ ಹೇಳುತ್ತಾ ಬಂದೆ. ಅವರು ನಡುವೆಯೇ ತಡೆದರು.

"ಕತ್ತಿ ಗಿತ್ತಿ ಎಲ್ಲ ಬ್ಯಾಡ. ದೋಣಿ ಬಿಡು ಹೆಂಗ್ಸ್ ಮಾಡಿ. ನಮ್ಮನಿ ಗಂಡಸ್ರೆಲ್ಲ ಸಮುದ್ರಕ್ಕೆ ಹೋಪರೆ. ನಾ ದಡದಲ್ಲ್ ನಿಂತ್ ಮೀನ್ ಕಂಡದ್ದೇ ಸೈ. ಸಣ್ಣ ಪ್ರಾಯದಲ್ಲ್ ಒಂದ್ ಸಲ ಹುಟ್ಟ್ ಹಿಡ್ಕಂತೆ ಅಂದ್ರೂ ಅಪ್ಪಯ್ಯ ಬಿಡ್ಲಿಲ್ಲೆ. ಇಲ್ಲಾರೂ ನಾನೇ ಹುಟ್ಟ್ ಹಾಕ್ತೆ."

ಹಾಗೆ ಹುಟ್ಟಿಕೊಂಡವಳು ಚಂಪೆ ಎಂಬ ದೋಣಿಯವಳು. ಶುರುವಿಗೆ ಅವಳಿಗೆ ಏನೂ ಬರುವುದಿಲ್ಲ. ದೋಣಿ ಸುತ್ತುತ್ತದೆ, ದಡಕ್ಕೆ ಬಡಿಯುತ್ತದೆ. ಶಾಲಿನಿ ಹೊಟ್ಟೆ ಹಿಡಿದು ನಗುತ್ತಿದ್ದರು. ದಿನವಿಡೀ ಬಡಿದುಕೊಳ್ಳುವ ಅವರ ಫೋನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಅದೇ ಒಂದು ಪವಾಡ.

ಇನ್ನು ಮಂತ್ರದ ಸಾಮಾನಿನ ವಿಷಯ. ಈ ಆಟದಲ್ಲಿ ಪಾತ್ರಗಳಿಗೆ ಮಾಯದ ಕತ್ತಿ, ಮಾಯದ ಉಂಗುರ ಸಿಗುವುದು ವಾಡಿಕೆ. ತೊಂದರೆಯೇನೆಂದರೆ, ಪಾತ್ರ ಬಲಿತ ಹಾಗೆ ಹಳೆಯ ಕತ್ತಿ ಸಾಲದೆ ಬರುತ್ತದೆ. ಆಗ ಅದನ್ನು ಎಸೆದು ಇನ್ನೂ ಜೋರಿನ ಕತ್ತಿ ಹಿಡಿಯಬೇಕು. ನನಗದು ಸರಿಬರುವುದಿಲ್ಲ. ನನ್ನ ಅಂಗಡಿಗೆ ಅಪ್ಪನ ಕಾಲದ ಫ್ರೇಮು ಹಿಡಿದುಕೊಂಡು ಬಂದು, "ಇದಕ್ಕೇ ಹೊಸ ಗ್ಲಾಸ್ ಹಾಕಿ" ಎನ್ನುವವರಿದ್ದಾರೆ. ಅವರನ್ನು ಕಂಡರೆ ವ್ಯಾಪಾರಕ್ಕೆ ನಷ್ಟವಾದರೂ ನನಗೆ ಒಳಗೊಳಗೇ ಪ್ರೀತಿ. ಹಾಗಾಗಿ ನಾನು ಒಂದು ಕ್ರಮ ಮಾಡಿಕೊಂಡೆ. ಒಬ್ಬರಿಗೆ ಒಂದೇ ಸಾಮಾನು, ಮೊದಲಿನಿಂದ ಕೊನೆಯವರೆಗೆ. ಮನುಷ್ಯ ಬೆಳೆದ ಹಾಗೆ ಅದೂ ಬೆಳೆಯಬೇಕು. ಒಂದೊಂದು ಸಾಮಾನಿಗೂ ಒಂದೊಂದು ರಟ್ಟಿನ ಕಾರ್ಡು ಮಾಡಿ, ಅದರ ಗುಣಗಳನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದೆ. ಕಣ್ಣು ಪರೀಕ್ಷೆಯ ಚೀಟಿ ಬರೆಯುವಾಗ ಇಲ್ಲದ ಮುತ್ತಿನಂಥ ಅಕ್ಷರ ಆಗ ಎಲ್ಲಿಂದ ಬರುತ್ತಿತ್ತೋ ಎಂದು ನನ್ನ ಹೆಂಡತಿ ಸುಮಾ ಕೇಳುವುದುಂಟು.

ರತ್ನಾಕರಣ್ಣನ ವೀರನಿಗೆ ನಾನು ಕೊಟ್ಟದ್ದು ಒಂದು ಸೀಟಿ. ಮೊದಲಿಗೆ ಅದನ್ನು ಒಂದು ಸಲ ಊದಿದರೆ ಎದುರಿಗೆ ಬರುವ ಗಾಡಿ ನಿಲ್ಲುತ್ತದೆ, ಅಷ್ಟೆ. ವೀರ ಹಾದಿ ಸವೆಸಿದ ಹಾಗೆ ಕುದುರೆ ನಿಂತಿತು, ಆಮೇಲೆ ಆನೆ ನಿಂತಿತು. ಒಂದು ದಿನ ರಾಕ್ಷಸನನ್ನೇ ನಿಲ್ಲಿಸಿದರು. ನಿಲ್ಲಿಸಿದ್ದೇನೋ ಸರಿ, ಮುಂದೇನು ಮಾಡಬೇಕೆಂದು ತೋಚದೆ ರತ್ನಾಕರಣ್ಣ ಹಳೆಯ ಅಭ್ಯಾಸದಂತೆ, "ಒಳಗ್ ನಡೀರಿ, ಮುಂದ್ ಜಾಗ ಇತ್ತ್" ಎಂದುಬಿಟ್ಟರು. ನಕ್ಕು ನಕ್ಕು ನಮ್ಮ ಕಣ್ಣಲ್ಲಿ ನೀರು ಬಂತು. ರಾಕ್ಷಸ ಪಾಪ, ಒಳಗೆ ನಡೆದ. ಆ ಸೀಟಿ ಚೆನ್ನಾಗಿ ಬೆಳೆಯಿತು. ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ಅದಕ್ಕೆ ನಾನು ಬರೆದುಕೊಟ್ಟ ಗುಣಗಳಲ್ಲಿ ಅರ್ಧವನ್ನು ರತ್ನಾಕರಣ್ಣ ಮರೆತೇಬಿಡುತ್ತಿದ್ದರು. ಉಳಿದ ಅರ್ಧ ಅವರದಾಯಿತು.

ಸಾಮಾನು ಮನುಷ್ಯನ ಜೊತೆ ಬೆಳೆಯುವುದೆಂದರೆ ಏನೆಂದು ನನಗೆ ಚಿಕ್ಕಂದಿನಿಂದ ಗೊತ್ತಿರಬೇಕಿತ್ತು. ನನ್ನ ಅಪ್ಪಯ್ಯ ಸಾಲಿಗ್ರಾಮದ ಸುತ್ತ ಹೆಸರಾದ ಅಡುಗೆ ಭಟ್ಟರು. ಮದುವೆ, ಉಪನಯನ, ಶ್ರಾದ್ಧ ಯಾವುದಿದ್ದರೂ ಅವರ ಹಿಂದೆ ನಾನು. ನಮ್ಮ ಕಡೆ ಬಡಿಸುವುದಕ್ಕೂ ಬಡ್ತಿ ಉಂಟು, ನಿಮಗೆ ಗೊತ್ತಿದ್ದದ್ದೇ. ಮೊದಲು ಕೈಗೆ ಸಿಗುವುದು ಉಪ್ಪಿನ ಬಟ್ಟಲು. ಎಲೆಯ ಮೂಲೆಗೆ ಚಿಟಿಕೆ ಉಪ್ಪು ಹಾಕುತ್ತಾ ಪಂಕ್ತಿಯ ಉದ್ದಕ್ಕೂ ಬಗ್ಗಿ ಹೋಗಬೇಕು. ಅದರಲ್ಲಿ ಪಾಸಾದರೆ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಸಾರಿನ ಬಾಲ್ದಿ ಸಿಗಬೇಕಾದರೆ ಮೀಸೆ ಬರಬೇಕು. ಪಾಯಸ ಸಿಕ್ಕಿತೆಂದರೆ ನೀವು ದೊಡ್ಡ ಜನ.

ನನಗೆ ಪಾಯಸದ ಸೌಟು ಸಿಕ್ಕಿದ್ದು ಕೊಕ್ಕರ್ಣೆಯ ಒಂದು ಮದುವೆಯಲ್ಲಿ. ಅಬ್ಬಾ, ಆ ದಿನದ ಗತ್ತೇ! ಪಂಚೆ ಎತ್ತಿ ಕಟ್ಟಿ, ಬಾಲ್ದಿ ಹಿಡಿದು, "ಪಾಯಸ, ಪಾಯಸ" ಎಂದು ಕೂಗುತ್ತಾ ಹೊರಟೆ. ಕಂಡವರಿಗೆಲ್ಲ ಎರಡೆರಡು ಸೌಟು. ಒಬ್ಬ ಹಿರಿಯರು ಸಾಕು ಸಾಕೆಂದು ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಹಾಗೆ ಹಿಡಿಯುವುದು ನಮ್ಮಲ್ಲಿ ಸಂಕೋಚಕ್ಕೂ ಹೌದು, ನಿಜವಾಗಿ ಹೊಟ್ಟೆ ತುಂಬಿದ್ದಕ್ಕೂ ಹೌದು. ಯಾವುದೆಂದು ಬಡಿಸುವವನು ಮುಖ ನೋಡಿ ತಿಳಿಯಬೇಕು. ನಾನು ಮುಖ ನೋಡಲಿಲ್ಲ. ಅವರ ಬೆರಳುಗಳ ಸಂದಿಯಿಂದ ಪಾಯಸ ಸುರಿದೆ. ಹಿಂದಿನಿಂದ ಅಪ್ಪಯ್ಯ ಕೇಳಿದರು: "ಎಂತ ಮಾಣಿ, ಬಡ್ಸುದ್ ಅವ್ರ ಹೊಟ್ಟಿಗಾ, ನಿನ್ ಸೌಟಿಗಾ?" ಇಡೀ ಪಂಕ್ತಿ ಗೊಳ್ಳೆಂದಿತು. ನಾನೂ ನಕ್ಕೆ. ಮಾತು ಮಾತ್ರ ತಲೆಗೆ ಹೋಗಲಿಲ್ಲ.

ಹೋಗಿದ್ದರೆ ಚಂಪೆಗೆ ಕೊಟ್ಟ ಸಾಮಾನು, ಆ ದೋಣಿಯ ಹುಟ್ಟಿನ ವಿಷಯದಲ್ಲಿ ಹಾಗೆ ಮಾಡುತ್ತಿದ್ದೆನೇ? ನಾನು ಅದಕ್ಕೆ ಬಡಿಸಿದ್ದೇ ಬಡಿಸಿದ್ದು. ಮೊದಲ ಮೆಟ್ಟಿಲಿಗೆ ಅದು ಕತ್ತಲಲ್ಲಿ ಬೆಳಗಿತು. ಆಮೇಲೆ ನೀರಿನ ಆಳ ಹೇಳಿತು. ಆಮೇಲೆ ಮೀನುಗಳನ್ನು ಕರೆಯಿತು, ಅಲೆಗಳನ್ನು ಮಲಗಿಸಿತು, ಕಳ್ಳರ ತಲೆಗೆ ತಾನೇ ಹೋಗಿ ಬಡಿದು ಬಂತು. ವಾರವಿಡೀ ನನಗೆ ಅದೇ ಧ್ಯಾನ. ಗಿರಾಕಿಯ ಕಣ್ಣಿಗೆ ಲೆನ್ಸು ಬದಲಿಸುತ್ತಾ, "ಈಗ ಹೇಗೆ ಕಾಣುತ್ತದೆ?" ಎಂದು ಕೇಳುತ್ತಿರುವಾಗಲೂ ನನ್ನ ಕಣ್ಣಿಗೆ ಆ ಹುಟ್ಟೇ ಕಾಣುತ್ತಿತ್ತು. ಪ್ರತಿ ಭಾನುವಾರ ಕಾರ್ಡಿನಲ್ಲಿ ಹೊಸದೊಂದು ಸಾಲು. ಶಾಲಿನಿ ಮೊದಮೊದಲು, "ಅಬ್ಬ್ಯಾ, ಹೌದಾ!" ಎನ್ನುತ್ತಿದ್ದರು. ಆಮೇಲಾಮೇಲೆ, "ಹೌದಾ" ಎಂದರು. ಆಮೇಲೆ ಬರೀ ತಲೆಯಾಡಿಸಿದರು. ನಾನು ಮುಖ ನೋಡಲಿಲ್ಲ ಎಂದು ಬೇರೆ ಹೇಳಬೇಕೇ?

ಒಂದು ಭಾನುವಾರ ಕತೆ ಅಳಿವೆಗೆ ಬಂತು. ಹೊಳೆ ಸಮುದ್ರ ಸೇರುವ ಜಾಗ, ಇಳಿತದ ಸೆಳೆತ. ರತ್ನಾಕರಣ್ಣನ ವೀರ ದೋಣಿಯಿಂದ ಜಾರಿ ನೀರಿಗೆ ಬಿದ್ದ. ರತ್ನಾಕರಣ್ಣ ಕುರ್ಚಿಯಲ್ಲೇ ಕಾಲು ಮೇಲೆತ್ತಿಕೊಂಡರು. ಶಾಲಿನಿ ನೆಟ್ಟಗೆ ಕೂತು, ತಮ್ಮ ಹಸಿರು ದಾಳವನ್ನು ಅಂಗೈಯಲ್ಲಿ ಗಡಗಡ ಅಲ್ಲಾಡಿಸಿ, "ನಾ ಹುಟ್ಟ್ ಹಾಕ್ತೆ, ಕಾಣಿ" ಎಂದರು.

ನಾನು ನಗುತ್ತಾ ಹೇಳಿದೆ: "ದಾಳ ಎಂತಕ್ಕೆ? ನಿಮ್ಗೆ ಮೆಟ್ಲ್ ಏರಿತ್. ಇನ್ನ್ ಹುಟ್ಟ್ ತನ್ನಷ್ಟಕ್ಕೇ ಹೋಯಿ ಅವ್ರನ್ನ ಎತ್ಕಂಡ್ ಬತ್ತ್. ತಡೀನಿ, ಬರ್ದ್ ಕೊಡ್ತೆ."

ಇಂಕಿನ ಪೆನ್ನು ಹಿಡಿದು ಕಾರ್ಡಿನ ಕಡೆ ಬಗ್ಗಿದೆ. ಶಾಲಿನಿ ಎರಡೂ ಅಂಗೈಯನ್ನು ಕಾರ್ಡಿನ ಮೇಲೆ ಅಡ್ಡ ಇಟ್ಟರು.

"ಸಾಕ್ ಹೊಳ್ರೆ."

"ಒಂದೇ ಸಾಲ್..."

"ಸಾಕ್ ಅಂದೆ ಅಲ್ದಾ! ಎಲ್ಲ ಹುಟ್ಟೇ ಮಾಡುದಾರೆ ನಾ ಎಂತಕ್ ಬಪ್ಪುದ್ ಇಲ್ಲಿಗೆ? ಅದನ್ನ ಹೊರುಕಾ?"

ದಾಳವನ್ನು ಕೈಗೆ ಸಿಕ್ಕಿದ ಡಬ್ಬಿಗೆ ಹಾಕಿದರು. ಅದು ಸ್ಕ್ರೂ ಡಬ್ಬಿ. ಚೀಲ ಎತ್ತಿಕೊಂಡು, ಅರ್ಧ ಶಟರಿನ ಕೆಳಗೆ ಬಗ್ಗಿ ಹೊರಟುಹೋದರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ರತ್ನಾಕರಣ್ಣ ಮಾತ್ರ ಬಾರ್ಕೂರಿನಿಂದ ಬಸ್ಸು ಹತ್ತಿ ಬಂದು, ಶಟರಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಹೊರಗೆ ಚಪ್ಪಲಿ ಸದ್ದಾದರೆ ಇಬ್ಬರೂ ತಲೆ ಎತ್ತುತ್ತಿದ್ದೆವು. ಇಬ್ಬರೇ ಆಡೋಣವೆಂದರೆ ಅವರಿಗೆ ಮನಸ್ಸಿಲ್ಲ. "ನನ್ನ ಎತ್ತುಕೆ ಅವ್ರೇ ಬರ್ಕ್" ಎಂದರು. ಅದು ಹಟವೋ ಬೇಜಾರೋ ಗೊತ್ತಾಗಲಿಲ್ಲ. ನನಗಂತೂ ಬೇಜಾರಾಗಿತ್ತು, ಬಹಳ. ಪ್ರಾಯ ಕಳೆದ ಮೇಲೆ ಹೊಸ ಸ್ನೇಹ ಸಿಗುವುದೇ ಅಪರೂಪ. ಸಿಕ್ಕಿದ್ದನ್ನು ನಾನು ಉಪಚಾರ ಮಾಡಿ ಮಾಡಿಯೇ ಓಡಿಸಿದ್ದೆ.

"ನಿಮ್ಮದ್ ಯಾವತ್ತೂ ಹಾಂಗೇ" ಎಂದಳು ಸುಮಾ. "ನನ್ ತವ್ರಿನವ್ರ್ ಉಂಬುಕ್ ಬಂದ್ರೆ ಎರಡ್ ದಿನ ಹೊಟ್ಟಿ ಸಮ ಇರುದಿಲ್ಲೆ ಅವ್ರಿಗೆ. ಹೋಯಿ ಮಾತಾಡಿ. ಫೋನಲ್ಲಿ ಬ್ಯಾಡ."

ಶಾಲಿನಿಯ ಕನ್ನಡಕವೊಂದು ರಿಪೇರಿಗೆ ಬಂದದ್ದು ಅಂಗಡಿಯಲ್ಲೇ ಇತ್ತು. ಅದನ್ನು ನೆಪ ಮಾಡಿಕೊಂಡು ಬೆಳಿಗ್ಗೆ ಬಂದರಿಗೆ ಹೋದೆ. ಬೋಟುಗಳು ಬಂದಿದ್ದವು. ಕೂಗಾಟ, ನೀರು, ಐಸು. ಅಡುಗೆ ಭಟ್ಟರ ಮಗ ನಾನು ಮೂಗಿಗೆ ಕರವಸ್ತ್ರ ಹಿಡಿಯಬಾರದೆಂದು ಹಲ್ಲು ಕಚ್ಚಿ ನಿಂತೆ. ಶಾಲಿನಿ ಬಂಗುಡೆಯ ಬುಟ್ಟಿಗಳ ನಡುವೆ ನಿಂತು ಯಾರಿಗೋ ಬೈಯುತ್ತಿದ್ದರು. ನನ್ನನ್ನು ಕಂಡು ಬೈಗುಳ ನಿಲ್ಲಿಸಿದರು.

"ಹ್ವಾಯ್, ಇದೆಂತ ನೀವ್ ಇಲ್ಲಿ! ಅತ್ಲಾಗ್ ನಿಲ್ಲಿ, ಜಾರತ್ತ್."

ಕನ್ನಡಕ ಕೊಟ್ಟೆ. ಹಾಕಿಕೊಂಡು ತಕ್ಕಡಿಯ ಅಂಕೆ ನೋಡಿದರು. ನಾನು ಕಾರ್ಡನ್ನೂ ಜೇಬಿನಿಂದ ತೆಗೆದು, ಏನು ತಪ್ಪಾಯಿತೆಂದು ನೀವೇ ಹೇಳಿ ಎಂದೆ.

ಶಾಲಿನಿ ಕಾರ್ಡನ್ನು ಮೇಲಿಂದ ಕೆಳಗೆ ಓದಿದರು. ಅವರ ಒದ್ದೆ ಬೆರಳು ತಾಗಿದಲ್ಲೆಲ್ಲ ನನ್ನ ಮುತ್ತಿನಂಥ ಅಕ್ಷರ ಹರಡಿತು.

"ಕಾಣಿ, ನೀವ್ ಹುಟ್ಟ್ ದೊಡ್ಡ್ ಮಾಡ್ತಾ ಬಂದ್ರಿ. ಚಂಪೆ ಇದ್ದಲ್ಲೇ ಬಾಕಿ. ಅವ್ಳಿಗೆ ಇವತ್ತಿಗೂ ಒಂದ್ ಹೊಳಿ ದಾಟುಕೆ ಬತ್ತಿಲ್ಲೆ. ನಂಗೂ ಬತ್ತಿಲ್ಲೆ. ನಿಮ್ಮ ಅಂಗಡಿಯಲ್ಲ್ ಕೂಕಂಡಾರೂ ಕಲೀಲಿ ಅಂದ್ರೆ ನೀವ್ ಬಿಡುದಿಲ್ಲೆ. ನೀವೂ ನನ್ ಅಪ್ಪಯ್ಯನ ಹಾಂಗೇ ಆಯ್ತ್."

ಅಷ್ಟರಲ್ಲಿ ಯಾರೋ ಕರೆದರು, ಕಾರ್ಡನ್ನು ನನ್ನ ಕೈಗೆ ಕೊಟ್ಟು ಅವರು ಹೋದರು. ನಾನು ಅಲ್ಲೇ ನಿಂತೆ. ಅವರ ಅಪ್ಪ ಕೈಗೆ ಹುಟ್ಟು ಕೊಡಲಿಲ್ಲ, ಸರಿ. ನಾನು ಕೊಟ್ಟೆ, ಕೊಟ್ಟು ಅದು ಅವರ ಕೈಯಲ್ಲಿ ನಿಲ್ಲದಂತೆ ಮಾಡಿದೆ. ಇದನ್ನು ಯಾವ ಬಾಯಿಂದ ಪ್ರೀತಿ ಎನ್ನುವುದು?

ಮನೆಗೆ ಬಂದು ಹಳೆಯ ಕಾರ್ಡು ಹರಿದು ಹೊಸದು ಮಾಡಿದೆ. ಅದರಲ್ಲಿ ಬರೆದದ್ದು ಇಷ್ಟೇ: "ಒಂದು ಹುಟ್ಟು. ಮರದ್ದು." ಕೆಳಗೆ ಜಾಗ ಖಾಲಿ ಬಿಟ್ಟೆ. ಇನ್ನು ಮೇಲೆ ಚಂಪೆ ಏನಾದರೂ ಮಾಡಿದ ಮೇಲೆ, ಆ ಮಾಡಿದ್ದರಿಂದ ಹುಟ್ಟು ಒಂದು ಗುಣ ಕಲಿಯಬೇಕು. ಮುಂಚೆಯಲ್ಲ. ಸುಮಾ ಇಣುಕಿ, "ಇದ್ ಎಂತ ಮಂತ್ರದ್ ಸಾಮಾನ್? ನಮ್ಮನಿ ಒನಕೆಗೂ ಇದ್ರಕಿಂತ ಮಂತ್ರ ಇತ್ತ್" ಎಂದಳು. ಕಾರ್ಡಿನ ಫೋಟೊ ತೆಗೆದು ಶಾಲಿನಿಗೆ ಕಳಿಸಿದೆ. ನೋಡಿದರೆಂದು ಗೊತ್ತಾಯಿತು. ಉತ್ತರ ಬರಲಿಲ್ಲ.

ಭಾನುವಾರ ರತ್ನಾಕರಣ್ಣ ಮೊದಲು ಬಂದರು. ಇಬ್ಬರೂ ಮಳೆ, ಬಸ್ಸು, ಬೆನ್ನು ನೋವು ಎಂದು ಏನೇನೋ ಮಾತಾಡಿದೆವು. ಚಾ ತಣ್ಣಗಾಯಿತು. ಇವತ್ತೂ ಇಲ್ಲ ಎಂದು ನಾನು ಕಾರ್ಡುಗಳನ್ನು ಜೋಡಿಸಿ ಒಳಗಿಡುವಷ್ಟರಲ್ಲಿ ಶಟರಿನ ಕೆಳಗೆ ಒಂದು ಚೀಲ ಕಾಣಿಸಿತು, ಹಿಂದೆಯೇ ಶಾಲಿನಿ. ಫೋನು ಬಂದ್ ಮಾಡಿದರು, ಕುಳಿತರು.

"ಎಲ್ಲಿಗ್ ನಿಲ್ಸಿತ್?"

"ಎಲ್ಲಿಗ್ ನಿಲ್ಸುದ್!" ರತ್ನಾಕರಣ್ಣ ಸಿಡಿದರು. "ಇಷ್ಟ್ ಆಯ್ತಾರ ನಾ ನೀರಲ್ಲೇ ಇದ್ದೆ ಮರಾಯ್ರೆ! ಶೀತ ಆಯ್ತ್ ನಂಗೆ!"

ಶಾಲಿನಿ ನಕ್ಕರು. ಡಬ್ಬಿಯಿಂದ ಹಸಿರು ದಾಳ ಹುಡುಕಿ ಕೊಟ್ಟೆ. ಅವರು ಉರುಳಿಸಿದರು. ಮೂರು. ದೋಣಿ ಅಡ್ಡ ತಿರುಗಿ ಸಮುದ್ರದ ಕಡೆ ಜಾರುತ್ತಿದೆ ಎಂದೆ. ಮತ್ತೆ ಉರುಳಿಸಿದರು. ಐದು. ರತ್ನಾಕರಣ್ಣ ನನ್ನ ಕೈ ಹಿಡಿದುಕೊಂಡು, "ಹುಟ್ಟಿಗ್ ಎಂತಾರೂ ಒಂಚೂರ್ ಮಂತ್ರ ಕೊಡಿ!" ಎಂದರು. ಕೊಡಲು ನನಗೂ ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ.

ಶಾಲಿನಿ ಕಣ್ಣು ಮುಚ್ಚಿದರು. "ತಡೀನಿ. ಅಪ್ಪಯ್ಯ ಅಳಿವೆಯಲ್ಲ್ ಸೆಳ್ತಕ್ಕೆ ಎದುರ್ ಹೋತಿರ್ಲಿಲ್ಲೆ. ಓರೆ ಹಾಕ್ತಿದ್ದಿರ್. ಕಾಲ್ ಹೀಂಗ್ ಒತ್ಕಂಡ್..." ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲೇ ಕಾಲನ್ನು ನನ್ನ ಕೌಂಟರಿಗೆ ಒತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ಇಲ್ಲದ ಹುಟ್ಟನ್ನು ಎಳೆದರು. ಮತ್ತೆ ಎಳೆದರು. ವರ್ಷಗಟ್ಟಲೆ ದಡದಲ್ಲಿ ನಿಂತು ನೋಡಿದ್ದೆಲ್ಲ ಅವರ ತೋಳಿಗೆ ಬಂದಿತ್ತು. ದಾಳ ಹಾಕಿದರು. ಹದಿನಾರು.

ದೋಣಿ ವೀರನ ಹತ್ತಿರ ಬಂತು. ಕೈಗೆ ಎಟುಕುವುದಿಲ್ಲ ಎಂದೆ. ಹುಟ್ಟನ್ನೇ ಎಸೆಯಬೇಕು. ಎಸೆದರೆ ದೋಣಿಗೆ ಹುಟ್ಟಿಲ್ಲ.

"ಕೊಡ್ತ್ರ್ಯಾ?" ಎಂದು ಕೇಳಿದೆ.

"ಕೊಡ್ದೆ ಎಂತ! ಹ್ವಾಯ್ ರತ್ನಾಕರಣ್ಣ, ಹಿಡ್ಕಣಿ!"

ರತ್ನಾಕರಣ್ಣ ನಿಜವಾಗಿಯೂ ಎರಡೂ ಕೈ ಚಾಚಿದರು. ಅವರ ದಾಳಕ್ಕೂ ಒಳ್ಳೆಯ ಅಂಕೆ ಬಿತ್ತು. ವೀರ ಹುಟ್ಟು ತಬ್ಬಿಕೊಂಡು, ಕಾಲು ಬಡಿದು ದೋಣಿ ಹತ್ತಿದ, ಹತ್ತಿದವನೇ ಸೀನಿದ. ಚಂಪೆ ಅವನ ಕೈಯಿಂದ ಹುಟ್ಟು ತೆಗೆದುಕೊಂಡು ದಡ ಮುಟ್ಟಿಸಿದಳು.

ನಾನು ಪೆನ್ನು ಎತ್ತಿದೆ. ಬರೆಯುವ ಮುಂಚೆ ಶಾಲಿನಿಯ ಮುಖ ನೋಡಿ ಕೇಳಿದೆ: "ಬಿಟ್ಟ್ ಕೊಟ್ಟ ಕೈಗೆ ತಿರ್ಗಿ ಬತ್ತ್. ಹೀಂಗ್ ಬರೀಲಾ?"

ಅವರು ಕಾರ್ಡನ್ನು ನನ್ನ ಕಡೆ ಸರಿಸಿದರು. "ಬರೀರಿ. ಅದೊಂದೇ ಸಾಕ್ ಈಗ."

ಬರೆದೆ. ಅವರು ಫೋನು ಚಾಲೂ ಮಾಡಿದ್ದೇ ತಡ, ಅದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಫೋನು ಕಿವಿಗಿಟ್ಟು ಯಾರಿಗೋ ಬೈಯುತ್ತಲೇ ಹಸಿರು ದಾಳವನ್ನು ಮತ್ತೆ ಸ್ಕ್ರೂ ಡಬ್ಬಿಗೇ ಹಾಕಿ, ಚೀಲ ಎತ್ತಿಕೊಂಡು ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದರು. ನಾನು ಚಾದ ಲೋಟ ತೆಗೆಯುತ್ತಿದ್ದೆ. ಹೋದವರು ತಿರುಗಿ ಬಗ್ಗಿ ತಲೆ ಮಾತ್ರ ಒಳಗೆ ಹಾಕಿದರು.

"ಹ್ವಾಯ್, ಬಪ್ಪು ಆಯ್ತಾರ ಲಾರಿ ಬಪ್ಪುದ್ ತಡ. ನಾ ಬಪ್ಪಲ್ಲಿವರಿಗೆ ಶುರು ಮಾಡ್ಬ್ಯಾಡಿ, ಆಯ್ತಾ?"